ಕಡಲು ದಾಟಿ ಬಂದ ಕಪ್ಪು ನರ್ಸ್‌ಗಳು ಬ್ರಿಟನ್ನಿನ ಆರೋಗ್ಯ ಕಾಪಾಡಿದ್ದು ಹೇಗೆ?

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್ ಬಗ್ಗೆ ಮಾತು ಬಂದಾಗಲೆಲ್ಲ ಅನ್ಯೂರಿನ್ ಬೆವನ್ ಎಂಬ ಮಂತ್ರಿಯ ಹೆಸರು ಬರುತ್ತದೆ. ಬರಲೇಬೇಕು. ದುಡ್ಡಿದ್ದವರಿಗೂ ಇಲ್ಲದವರಿಗೂ ಒಂದೇ ಚಿಕಿತ್ಸೆ, ಬಿಲ್ ಇಲ್ಲ ಅನ್ನುವ ಯೋಚನೆಯನ್ನು ಹಟ ಹಿಡಿದು ಜಾರಿಗೆ ತಂದವರು ಅವರು. ಆದರೆ ಕಾನೂನು ಪಾಸಾದ ಮಾತ್ರಕ್ಕೆ ರೋಗಿಯ ಹಾಸಿಗೆ ಬದಲಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಜ್ವರ ನೋಡಲು ಯಾರಾದರೂ ಬೇಕಲ್ಲ? ಹಾಗೆ ಬಂದವರಲ್ಲಿ ಸಾವಿರಾರು ಮಂದಿ ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್, ಗಯಾನಾ, ನೈಜೀರಿಯಾ, ಘಾನಾದ ಹುಡುಗಿಯರು. ಇಪ್ಪತ್ತರ ಆಚೀಚೆ ವಯಸ್ಸು. ಮನೆಯಲ್ಲಿ ಸಾಲ ಮಾಡಿ ಟಿಕೆಟ್ ತೆಗೆದವರೂ ಇದ್ದರು.

ಇವರನ್ನು ಕಷ್ಟಕ್ಕೆ ಆದವರು ಅಂತ ಹೊಗಳಿ ಸುಮ್ಮನಾಗುವುದು ಸುಲಭ. ನನಗೆ ಅದು ಸಾಲದು ಅನ್ನಿಸುತ್ತದೆ. ಅವರನ್ನು ಒಳಗೆ ಬಿಟ್ಟುಕೊಂಡ ರೀತಿ, ಕೊಟ್ಟ ಸರ್ಟಿಫಿಕೇಟು, ಹಾಕಿದ ವಾರ್ಡು, ಎಲ್ಲದರ ಹಿಂದೆ ಒಂದು ವ್ಯವಸ್ಥೆ ಇತ್ತು. ಯಾರಿಗೂ ಬೇಡವಾದ ಕೆಲಸವನ್ನು ಅವರ ಪಾಲಿಗೆ ಹಾಕಲಾಯಿತು. ಆ ಬೇಡವಾದ ಕೆಲಸವೇ ಸಾರ್ವಜನಿಕ ಆರೋಗ್ಯದ ಅಡಿಪಾಯವಾಗಿತ್ತು. ಇದು ಹೇಗೆ ಅಂತ ಬಿಡಿಸಿ ನೋಡೋಣ.

1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎರಡೂವರೆ ಸಾವಿರಕ್ಕೂ ಜಾಸ್ತಿ ಆಸ್ಪತ್ರೆಗಳು ಒಂದೇ ದಿನ ಸರ್ಕಾರದ ಕೈಗೆ ಬಂದವು. ಅಲ್ಲಿಯವರೆಗೆ ಡಾಕ್ಟರ ಫೀಸಿಗೆ ಹೆದರಿ ನೋವು ನುಂಗಿಕೊಂಡಿದ್ದ ಜನ, ಅದರಲ್ಲೂ ಹೆಂಗಸರು, ಸಾಲುಗಟ್ಟಿ ಬಂದರು. ವರ್ಷಗಟ್ಟಲೆ ಸಹಿಸಿಕೊಂಡ ಹರ್ನಿಯಾ, ಜಾರಿದ ಗರ್ಭಕೋಶ, ಹಾಳಾದ ಹಲ್ಲು, ಕಾಣದ ಕಣ್ಣು. ಆದರೆ ನೋಡಿಕೊಳ್ಳಲು ನರ್ಸ್‌ಗಳೇ ಇಲ್ಲ. ಹತ್ತಾರು ಸಾವಿರ ಹುದ್ದೆಗಳು ಖಾಲಿ.

ಯಾಕೆ ಖಾಲಿ? ಸಂಬಳ ಕಡಿಮೆ. ಹಾಸ್ಟೆಲಿನಲ್ಲೇ ಇರಬೇಕು, ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ, ಮೇಟ್ರನ್, ಅಂದರೆ ಆಸ್ಪತ್ರೆಯ ನರ್ಸ್‌ಗಳ ಮುಖ್ಯಸ್ಥೆ, ಅವಳ ಮಾತು ಮೀರುವಂತಿಲ್ಲ. ಮದುವೆಯಾದರೆ ಬಹಳಷ್ಟು ಮಂದಿ ಕೆಲಸ ಬಿಡುತ್ತಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿನ ಹುಡುಗಿಯರಿಗೆ ಆಫೀಸು, ಅಂಗಡಿ, ಫ್ಯಾಕ್ಟರಿಗಳಲ್ಲಿ ಇದಕ್ಕಿಂತ ಸಲೀಸಾದ ಕೆಲಸ ಸಿಗುತ್ತಿತ್ತು. ಕ್ಷಯದ ವಾರ್ಡುಗಳ ಗತಿಯಂತೂ ಕೇಳುವುದೇ ಬೇಡ. ರೋಗಿಗಳು ಮನೆಯಲ್ಲಿ ಕೆಮ್ಮುತ್ತಾ ಸರದಿ ಕಾಯುತ್ತಿದ್ದರು, ಇತ್ತ ನರ್ಸ್ ಇಲ್ಲ ಅಂತ ಹಾಸಿಗೆಗಳನ್ನು ಮುಚ್ಚಿದ್ದರು. 1951ರಿಂದ ಕೆಲವು ವರ್ಷ ಬ್ರಿಟನ್ ತನ್ನ ಕ್ಷಯರೋಗಿಗಳನ್ನು ಸ್ವಿಟ್ಜರ್ಲೆಂಡಿನ ಆಸ್ಪತ್ರೆಗಳಿಗೆ ಕಳಿಸಿತು ಅಂದರೆ ಪರಿಸ್ಥಿತಿ ಹೇಗಿತ್ತು ಯೋಚಿಸಿ.

ಪಕ್ಕದ ಐರ್ಲೆಂಡಿನಿಂದ ನರ್ಸ್‌ಗಳು ಬಹಳ ಬರುತ್ತಿದ್ದರು. ಅಷ್ಟೂ ಸಾಲಲಿಲ್ಲ. 1949ರ ಹೊತ್ತಿಗೆ ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆ, ವಸಾಹತು ಕಚೇರಿ ಸೇರಿಕೊಂಡು ಕೆರಿಬಿಯನ್ ದ್ವೀಪಗಳ ಕಡೆ ತಿರುಗಿದವು. 1955ರ ಹೊತ್ತಿಗೆ 16 ವಸಾಹತುಗಳಲ್ಲಿ ನರ್ಸ್ ಆಯ್ಕೆಯ ಅಧಿಕೃತ ವ್ಯವಸ್ಥೆ ಇತ್ತು. ಬ್ರಿಟನ್ನಿನಿಂದ ಹಿರಿಯ ನರ್ಸ್‌ಗಳು ಅಲ್ಲಿಗೇ ಹೋಗಿ ಸಂದರ್ಶನ ಮಾಡುತ್ತಿದ್ದರು. ವಿಂಡ್‌ರಶ್ ಅನ್ನುವ ಹಡಗಿನ ಹೆಸರು ನೀವು ಕೇಳಿರಬಹುದು. 1948ರ ಜೂನ್ 22ರಂದು ಲಂಡನ್ ಹತ್ತಿರದ ಟಿಲ್ಬರಿಯಲ್ಲಿ ಕೆರಿಬಿಯನ್ ಕಡೆಯ ಜನರನ್ನು ತಂದು ಇಳಿಸಿದ ಆ ಹಡಗಿನಲ್ಲಿ ಬಂದವರಲ್ಲಿ ಹೆಚ್ಚಿನವರು ಗಂಡಸರು. ನರ್ಸ್ ಆಗಲು ಬಂದ ಹೆಂಗಸರಲ್ಲಿ ಬಹುಪಾಲು ಮಂದಿ ಆಮೇಲಿನ ಹಡಗುಗಳಲ್ಲಿ ಬಂದವರು. 1965ರ ಹೊತ್ತಿಗೆ ಜಮೈಕಾದವರೇ 3ರಿಂದ 5 ಸಾವಿರ ಮಂದಿ ಬ್ರಿಟಿಷ್ ಆಸ್ಪತ್ರೆಗಳಲ್ಲಿದ್ದರು ಅನ್ನುವ ಅಂದಾಜಿದೆ.

ಇನ್ನೊಂದು ವಿಷಯ ಮರೆಯಬಾರದು. 1948ರ ಪೌರತ್ವ ಕಾನೂನಿನ ಪ್ರಕಾರ ಇವರು ಪರದೇಶಿಗಳಲ್ಲ. ಲಂಡನ್ನಿನಲ್ಲಿ ಹುಟ್ಟಿದವರಂತೆ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದವರೂ ಅದೇ ಪೌರತ್ವದವರು. ಶಾಲೆಯಲ್ಲಿ ಇಂಗ್ಲೆಂಡಿನ ರಾಜರ ಪಾಠ ಓದಿ ಬೆಳೆದವರು. ತಾಯ್ನಾಡು ಕರೆಯುತ್ತಿದೆ ಅಂತಲೇ ಬಹಳ ಮಂದಿ ನಂಬಿ ಹೊರಟಿದ್ದರು.

ಬಂದ ಮೇಲೆ ಎದುರಾದದ್ದು ಎರಡು ಬಾಗಿಲು. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಬ್ರಿಟನ್ನಿನಲ್ಲಿ ಆಗ ಎರಡು ಬಗೆಯ ನರ್ಸ್‌ಗಳಿದ್ದರು. ಮೂರು ವರ್ಷ ಓದಿದರೆ ಸ್ಟೇಟ್ ರಿಜಿಸ್ಟರ್ಡ್ ನರ್ಸ್, ಅಂದರೆ ಎಸ್‌ಆರ್‌ಎನ್. ಎರಡು ವರ್ಷ ಓದಿದರೆ ಎಸ್‌ಇಎನ್, ಸ್ಟೇಟ್ ಎನ್‌ರೋಲ್ಡ್ ನರ್ಸ್. ನಮ್ಮಲ್ಲಿ ಜಿಎನ್‌ಎಂ ಮತ್ತು ಎಎನ್‌ಎಂ ಅಂತ ಎರಡು ನರ್ಸಿಂಗ್ ಕೋರ್ಸು ಇದೆಯಲ್ಲ, ಹೆಚ್ಚುಕಡಿಮೆ ಆ ಥರದ ಮೇಲು-ಕೆಳಗಿನ ಭೇದ. ಎಸ್‌ಆರ್‌ಎನ್ ಆದವರು ಸ್ಟಾಫ್ ನರ್ಸ್, ವಾರ್ಡ್ ಸಿಸ್ಟರ್, ಮೇಟ್ರನ್ ಅಂತ ಮೇಲೇರಬಹುದು. ಎಸ್‌ಇಎನ್ ಆದವರಿಗೆ ಆ ಏಣಿಯೇ ಇಲ್ಲ. ಎಷ್ಟು ವರ್ಷ ದುಡಿದರೂ ಹಾಸಿಗೆಯ ಪಕ್ಕದ ಕೆಲಸವೇ. ಹಲವು ಆಸ್ಪತ್ರೆಗಳಲ್ಲಿ ಯೂನಿಫಾರ್ಮಿನ ಬಣ್ಣ, ಬೆಲ್ಟಿನ ಬಣ್ಣ ಕೂಡ ಬೇರೆ. ವಾರ್ಡಿಗೆ ಕಾಲಿಟ್ಟವರಿಗೆ ಸೊಂಟ ನೋಡಿದರೆ ಸಾಕು, ಯಾರು ಮೇಲೆ ಯಾರು ಕೆಳಗೆ ಅಂತ ಗೊತ್ತಾಗುತ್ತಿತ್ತು.

ಕೆರಿಬಿಯನ್ ಹುಡುಗಿಯರಲ್ಲಿ ಒಳ್ಳೆಯ ಅಂಕ ತೆಗೆದು ಶಾಲೆ ಮುಗಿಸಿದವರೂ, ಊರಲ್ಲಿ ಟೀಚರ್ ಆಗಿದ್ದವರೂ ಇದ್ದರು. ಅಂಥವರನ್ನೂ ಎಸ್‌ಇಎನ್ ಕಡೆಗೆ ತಳ್ಳಿದ್ದು ಅವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಮಂದಿಗೆ ಎರಡು ಕೋರ್ಸುಗಳಿವೆ ಅಂತ ಯಾರೂ ಹೇಳಿರಲೇ ಇಲ್ಲ. ನರ್ಸಿಂಗ್ ಕಲಿಯಲು ಬಂದಿದ್ದೇವೆ ಅಂತಷ್ಟೇ ತಿಳಿದಿದ್ದರು. ಪಕ್ಕದಲ್ಲಿ ಕೂತ ಬಿಳಿ ಹುಡುಗಿ ಬೇರೆ ಪುಸ್ತಕ ಓದುತ್ತಿದ್ದಾಳೆ, ಬೇರೆ ಪರೀಕ್ಷೆ ಬರೆಯುತ್ತಿದ್ದಾಳೆ ಅಂತ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದುಹೋಗಿರುತ್ತಿತ್ತು. ಅದಕ್ಕಿಂತ ಕ್ರೂರವಾದ ಮಾತು ಏನೆಂದರೆ, ಎಸ್‌ಇಎನ್ ಸರ್ಟಿಫಿಕೇಟಿಗೆ ಕೆರಿಬಿಯನ್‌ನ ಹಲವು ದೇಶಗಳಲ್ಲಿ ಬೆಲೆಯೇ ಇರಲಿಲ್ಲ. ಮೂರ್ನಾಲ್ಕು ವರ್ಷ ಕಲಿತು ಊರಿಗೆ ವಾಪಸ್ ಹೋಗಿ ನರ್ಸ್ ಆಗುತ್ತೇನೆ ಅಂದುಕೊಂಡು ಬಂದವಳು, ಕೈಯಲ್ಲಿ ಊರಲ್ಲಿ ನಡೆಯದ ಕಾಗದ ಹಿಡಿದು ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ಎಸ್‌ಆರ್‌ಎನ್ ಬೇಕಿದ್ದರೆ ಮತ್ತೆ ತರಬೇತಿಗೆ ಕೂರಬೇಕು. ಅಷ್ಟರಲ್ಲಿ ಮದುವೆ, ಮಕ್ಕಳು, ಊರಿಗೆ ಕಳಿಸಬೇಕಾದ ದುಡ್ಡು. ಯಾರು ಕೂರುತ್ತಾರೆ?

ಆಸ್ಪತ್ರೆಗಳಿಗೆ ಇದರಿಂದ ಲಾಭ ಇತ್ತು, ಅದನ್ನು ನೇರವಾಗಿ ಹೇಳಬೇಕು. ಆ ಕಾಲದ ನರ್ಸಿಂಗ್ ತರಬೇತಿ ಅಂದರೆ ಕ್ಲಾಸಿಗಿಂತ ವಾರ್ಡಿನ ಕೆಲಸವೇ ಜಾಸ್ತಿ. ಕಲಿಯುವವರೇ ವಾರ್ಡನ್ನು ನಡೆಸುತ್ತಿದ್ದರು. ಅವರಿಗೆ ಕೊಡುತ್ತಿದ್ದ ಭತ್ಯೆ ಸ್ವಲ್ಪ, ಅದರಲ್ಲೂ ಊಟ ವಸತಿಗೆ ಅಂತ ಕಡಿತ. ಬೆಳಿಗ್ಗೆ ಎದ್ದು ಬೆಡ್‌ಪ್ಯಾನ್ ತೊಳೆ, ಹಾಸಿಗೆ ಹಾಸು, ಏಳಲಾಗದವರ ಮೈ ಒರೆಸು, ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸು, ತುತ್ತು ತಿನ್ನಿಸು, ಜ್ವರ ಬರೆದಿಡು. ಎಸ್‌ಇಎನ್ ಪಾಸಾದ ಮೇಲೂ ಇದೇ. ಅನುಭವ ಇರುವ, ನುರಿತ, ಆದರೆ ಬಡ್ತಿ ಕೊಡಬೇಕಿಲ್ಲದ ನರ್ಸ್. ಯಾವ ಆಡಳಿತ ಬೇಡ ಅನ್ನುತ್ತದೆ?

ಇನ್ನು ವಾರ್ಡು. ಹೆಸರಾಂತ ಬೋಧನಾ ಆಸ್ಪತ್ರೆಗಳ ಸರ್ಜರಿ ವಾರ್ಡಿಗೆ ಎಲ್ಲರೂ ಬರಲು ತಯಾರು. ವಯಸ್ಸಾದವರ ವಾರ್ಡು, ದೀರ್ಘ ಕಾಯಿಲೆಯವರ ವಾರ್ಡು, ಊರಾಚೆಯ ಮಾನಸಿಕ ಆಸ್ಪತ್ರೆ, ಬುದ್ಧಿಮಾಂದ್ಯರ ಆಸ್ಪತ್ರೆ, ಇವಕ್ಕೆ ಯಾರೂ ಬರುತ್ತಿರಲಿಲ್ಲ. ಕಪ್ಪು ನರ್ಸ್‌ಗಳಲ್ಲಿ ತುಂಬಾ ಮಂದಿ ಹೋಗಿ ಸೇರಿದ್ದು ಅಲ್ಲಿಗೆ, ಇಲ್ಲವೇ ನೈಟ್ ಡ್ಯೂಟಿಗೆ. ಮಕ್ಕಳನ್ನು ನೋಡಿಕೊಳ್ಳಲು ಅಮ್ಮ, ಅತ್ತೆ ಯಾರೂ ಹತ್ತಿರ ಇಲ್ಲದ ಊರಲ್ಲಿ ನೈಟ್ ಡ್ಯೂಟಿ ಒಂದೇ ದಾರಿ. ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತು, ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಕಳಿಸಿ, ನಾಲ್ಕು ಗಂಟೆ ನಿದ್ದೆ ಮಾಡಿ ಮತ್ತೆ ಹೊರಡುವುದು. ರಾತ್ರಿ ದುಡಿಯುವವರು ಮೇಲಧಿಕಾರಿಗಳ ಕಣ್ಣಿಗೆ ಬೀಳುವುದಿಲ್ಲ, ಬಡ್ತಿಯೂ ಬರುವುದಿಲ್ಲ.

ಸಾರ್ವಜನಿಕ ಆರೋಗ್ಯ ಅಂದಾಗ ನಮಗೆ ಲಸಿಕೆ, ನೀರು, ಸೊಳ್ಳೆ ನೆನಪಾಗುತ್ತವೆ. ಸರಿಯೇ. ಜೊತೆಗೆ ಇದೂ ಸೇರಬೇಕು: ಒಂದು ದೇಶ ತನ್ನ ಮುದುಕರನ್ನು, ಮಾನಸಿಕ ರೋಗಿಗಳನ್ನು, ಹೆರಿಗೆಗೆ ಬಂದ ಬಡವರನ್ನು ದುಡ್ಡು ಕೇಳದೆ ನೋಡಿಕೊಳ್ಳಲು ಸಾಧ್ಯವಾ ಇಲ್ಲವಾ ಅನ್ನುವುದು. ಬ್ರಿಟನ್ನಿಗೆ ಸಾಧ್ಯವಾಯಿತು, ಯಾಕೆಂದರೆ ಆ ವಾರ್ಡುಗಳ ಬಾಗಿಲು ಮುಚ್ಚಲಿಲ್ಲ. ಎಷ್ಟೋ ಕೆರಿಬಿಯನ್ ನರ್ಸ್‌ಗಳು ಮುಂದೆ ಸೂಲಗಿತ್ತಿ ತರಬೇತಿಯನ್ನೂ ಮುಗಿಸಿ, ಬ್ರಿಟನ್ನಿನ ಒಂದು ಇಡೀ ತಲೆಮಾರಿನ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡರು. ಡಿಸ್ಟ್ರಿಕ್ಟ್ ನರ್ಸ್‌ಗಳಾಗಿ, ಹೆಲ್ತ್ ವಿಸಿಟರ್‌ಗಳಾಗಿ ಮನೆ ಮನೆ ತಿರುಗಿದವರೂ ಇದ್ದಾರೆ.

ಆ ಮನೆಗಳಲ್ಲಿ, ವಾರ್ಡುಗಳಲ್ಲಿ ಏನು ಕೇಳಬೇಕಾಯಿತು ಅನ್ನುವುದನ್ನು ಬರೆಯಲು ಸಂಕಟವಾಗುತ್ತದೆ. 'ನಿನ್ನ ಕಪ್ಪು ಕೈ ನನಗೆ ತಾಗಿಸಬೇಡ' ಅನ್ನುವ ಮಾತು ಆ ಕಾಲದ ನರ್ಸ್‌ಗಳ ನೆನಪಿನಲ್ಲಿ ಎಷ್ಟು ಸಲ ಬರುತ್ತದೆ ಅಂದರೆ, ಎಲ್ಲರೂ ಒಂದೇ ಆಸ್ಪತ್ರೆಯ ಕಥೆ ಹೇಳುತ್ತಿದ್ದಾರೇನೋ ಅನ್ನಿಸುತ್ತದೆ. ಒದ್ದೆಯಾದ ಹಾಸಿಗೆಯಲ್ಲಿ ಮಲಗಿರುವ ರೋಗಿಯೇ ಹೀಗೆ ಹೇಳುತ್ತಾನೆ. ಬೈಸಿಕೊಂಡವಳೇ ಬಟ್ಟೆ ಬದಲಿಸಬೇಕು. ಬಾಡಿಗೆ ಮನೆ ಹುಡುಕಲು ಹೋದರೆ ಕಪ್ಪು ಜನರಿಗೆ ಮನೆ ಇಲ್ಲ ಅನ್ನುವ ಉತ್ತರ. ಕೆಲಸದಲ್ಲಿ, ಮನೆ ಬಾಡಿಗೆಯಲ್ಲಿ ಬಣ್ಣ ನೋಡುವುದು ಕಾನೂನುಬಾಹಿರ ಆಗಿದ್ದೇ 1968ರಲ್ಲಿ. ಅದೇ 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ ಇನಾಕ್ ಪೊವೆಲ್, 1960ರಿಂದ 1963ರವರೆಗೆ ಆರೋಗ್ಯ ಮಂತ್ರಿಯಾಗಿದ್ದವರು. ಅವರು ಆ ಕುರ್ಚಿಯಲ್ಲಿದ್ದಾಗಲೂ ಆಸ್ಪತ್ರೆಗಳು ಕೆರಿಬಿಯನ್ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಲೇ ಇದ್ದವು.

ಇಂಥ ಪರಿಸ್ಥಿತಿಯಲ್ಲೂ ಮೇಲೆ ಬಂದವರಿದ್ದಾರೆ. ಗಯಾನಾದ ಡ್ಯಾಫ್ನಿ ಸ್ಟೀಲ್ 1951ರಲ್ಲಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನ ಬಾಲಂನಲ್ಲಿದ್ದ ಸೇಂಟ್ ಜೇಮ್ಸ್ ಆಸ್ಪತ್ರೆಯಲ್ಲಿ ತರಬೇತಿ ಪಡೆದರು. 1964ರಲ್ಲಿ ಯಾರ್ಕ್‌ಶೈರಿನ ಇಲ್ಕ್ಲಿಯಲ್ಲಿ ಸೇಂಟ್ ವಿನಿಫ್ರೆಡ್ ಹೆರಿಗೆ ಆಸ್ಪತ್ರೆಯ ಮೇಟ್ರನ್ ಆದರು. ಎನ್‌ಎಚ್‌ಎಸ್‌ನ ಮೊದಲ ಕಪ್ಪು ಮೇಟ್ರನ್. ಎನ್‌ಎಚ್‌ಎಸ್ ಶುರುವಾಗಿ 16 ವರ್ಷ ಆದ ಮೇಲೆ ಆ ಕುರ್ಚಿ ಮೊದಲ ಸಲ ಸಿಕ್ಕಿತು. ಅಭಿನಂದನೆ ಹೇಳಿ ಬೇರೆ ಬೇರೆ ದೇಶಗಳಿಂದ ನೂರಾರು ಕಾಗದ ಬಂದವಂತೆ. ಎಷ್ಟು ಜನ ಇದನ್ನೇ ಕಾಯುತ್ತಿದ್ದರು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈಗ ಸಿಕಲ್ ಸೆಲ್ ಕಾಯಿಲೆಗೆ ಬರೋಣ. ಕಪ್ಪು ನರ್ಸ್‌ಗಳು ಇದ್ದದ್ದರಿಂದ ಏನು ಬದಲಾಯಿತು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಸಿಕಲ್ ಸೆಲ್ ರಕ್ತದ ಕಾಯಿಲೆ. ಹುಟ್ಟಿನಿಂದ ಬರುವಂಥದ್ದು. ರಕ್ತದ ಕೆಂಪು ಕಣ ದುಂಡಗೆ, ಮೆತ್ತಗೆ ಇರಬೇಕು. ಈ ಕಾಯಿಲೆಯಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ನೋವು ವಿಪರೀತ. ಕೈಕಾಲು, ಎದೆ, ಬೆನ್ನು, ಎಲ್ಲಿ ಬೇಕಾದರೂ ಬರಬಹುದು. ಮಲೇರಿಯಾ ಇದ್ದ ಪ್ರದೇಶಗಳ ಜನರಲ್ಲಿ ಇದು ಜಾಸ್ತಿ. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆಯ ಒಂದು ಜೀನ್ ಹೊತ್ತವರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಾಗಾಗಿ ಪರೀಕ್ಷೆ ಮಾಡಿಸದೆ ಗೊತ್ತಾಗುವುದೂ ಇಲ್ಲ.

1970ರ ದಶಕದ ಬ್ರಿಟನ್ನಿನಲ್ಲಿ ಬಹಳಷ್ಟು ಡಾಕ್ಟರು, ನರ್ಸ್‌ಗಳಿಗೆ ಇದರ ಬಗ್ಗೆ ತಿಳಿವಳಿಕೆ ಕಡಿಮೆ. ನೋವು ಅಂತ ಒದ್ದಾಡುತ್ತಾ ಬಂದ ಕಪ್ಪು ಹುಡುಗನನ್ನು ಮಾದಕ ಔಷಧಿಗಾಗಿ ನಾಟಕ ಮಾಡುತ್ತಿದ್ದಾನೆ ಅಂತ ಅನುಮಾನಿಸುವುದೂ ಇತ್ತು. ತಂದೆತಾಯಿಗೆ ಕೂರಿಸಿ ವಿವರಿಸುವವರಿಲ್ಲ. ಎಲಿಜಬೆತ್ ಅನಿಯೊನ್ವು ಆಗ ಸಮುದಾಯದಲ್ಲಿ ಕೆಲಸ ಮಾಡುತ್ತಿದ್ದ ನರ್ಸ್. ಅವರು ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲೇ, ತಾಯಿ ಐರಿಷ್ ಮೂಲದವರು, ತಂದೆ ನೈಜೀರಿಯಾದವರು. ಅವರು ವಲಸೆ ಬಂದವರಲ್ಲ. 1979ರಲ್ಲಿ ಡಾ. ಮಿಲಿತ್ಸಾ ಬ್ರೋಜೊವಿಚ್ ಜೊತೆ ಸೇರಿ ಲಂಡನ್ನಿನ ಬ್ರೆಂಟ್‌ನಲ್ಲಿ ದೇಶದ ಮೊದಲ ಸಿಕಲ್ ಸೆಲ್ ಸಲಹಾ ಕೇಂದ್ರ ತೆರೆದರು. ಈ ಕಾಯಿಲೆಗೆ ಅಂತಲೇ ನೇಮಕವಾದ ದೇಶದ ಮೊದಲ ನರ್ಸ್ ಅವರು. ಕೆರಿಬಿಯನ್, ಆಫ್ರಿಕನ್ ಕುಟುಂಬಗಳ ಮನೆಗೇ ಹೋಗಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ, ಹೆದರಿಸದೆ, ತಪ್ಪು ಹೊರಿಸದೆ ವಿವರಿಸುವ ಕೆಲಸ ಹಾಗೆ ಶುರುವಾಯಿತು. ಆಮೇಲೆ ಬೇರೆ ಊರುಗಳಲ್ಲೂ ಇಂಥ ಕೇಂದ್ರಗಳು ಬಂದವು.

ಇವತ್ತು ಇಂಗ್ಲೆಂಡಿನಲ್ಲಿ ಹುಟ್ಟುವ ಪ್ರತಿ ಮಗುವಿಗೂ ಸಿಕಲ್ ಸೆಲ್ ಪರೀಕ್ಷೆಯ ಸೌಲಭ್ಯ ಇದೆ, ಬಣ್ಣ ಜನಾಂಗ ನೋಡದೆ. ಐದನೇ ದಿನದ ಹೊತ್ತಿಗೆ ಸೂಲಗಿತ್ತಿ ನರ್ಸ್ ಮಗುವಿನ ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ, ಒಂದು ಕಾರ್ಡಿನ ಮೇಲಿನ ನಾಲ್ಕು ವೃತ್ತಗಳಿಗೆ ರಕ್ತದ ಹನಿ ತಾಗಿಸುತ್ತಾರೆ. ಅಮ್ಮ ಮಗುವನ್ನು ಎದೆಗೆ ಒತ್ತಿಕೊಂಡಿರುತ್ತಾಳೆ, ಮಗು ಸ್ವಲ್ಪ ಅಳುತ್ತದೆ, ಅಷ್ಟೇ. ಕಾಯಿಲೆ ಇದೆ ಅಂತ ಬೇಗ ಗೊತ್ತಾದರೆ ಮೂರು ತಿಂಗಳಿಗೆ ಮೊದಲೇ ಪೆನಿಸಿಲಿನ್ ಶುರು ಮಾಡಬಹುದು. ಈ ಮಕ್ಕಳನ್ನು ಎಳವೆಯಲ್ಲೇ ಕೊಲ್ಲುತ್ತಿದ್ದದ್ದು ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಸೋಂಕು. ಅದನ್ನು ಬಹುಮಟ್ಟಿಗೆ ತಡೆಯಲು ದಿನಾ ಕೊಡುವ ಅಗ್ಗದ ಔಷಧಿ ಸಾಕಾಗುತ್ತದೆ, ಆದರೆ ಯಾವ ಮಗುವಿಗೆ ಕೊಡಬೇಕು ಅಂತ ಗೊತ್ತಿರಬೇಕು. ಆ ಗೊತ್ತಿರುವಿಕೆಗಾಗಿ ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ತಟ್ಟಿದವರಲ್ಲಿ ರೋಗಿಗಳ ಕುಟುಂಬಗಳ ಜೊತೆ ಈ ನರ್ಸ್‌ಗಳೂ ಇದ್ದರು.

ಇದು ನಮಗೂ ದೂರದ ವಿಷಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಇದೆ. ಭಾರತ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರು ಮಾಡಿದೆ, ಕರ್ನಾಟಕವೂ ಅದರಲ್ಲಿದೆ. ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಟ್ಟರೆ ಕೆಲಸ ಅರ್ಧ ಮಾತ್ರ. ಹಾಡಿಯ ಮನೆಯೊಳಗೆ ಕೂತು ಆ ಕಾರ್ಡಿನ ಅರ್ಥವನ್ನು ನಂಬಿಕೆಯಿಂದ ಹೇಳುವವರು ಬೇಕು. ಬ್ರೆಂಟ್‌ನಲ್ಲಿ ಫಲ ಕೊಟ್ಟದ್ದು ಅದು.

ಎಲ್ಲರೂ ಬ್ರಿಟನ್ನಿನಲ್ಲೇ ಉಳಿಯಲಿಲ್ಲ. ನೈಜೀರಿಯಾದ ಕೊಫೊವೊರೊಲಾ ಅಬೆನಿ ಪ್ರ್ಯಾಟ್ 1946ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ನರ್ಸಿಂಗ್ ಶಾಲೆ ಸೇರಿದರು. ಕಪ್ಪು ನರ್ಸ್ ಬೇಡ ಅಂದ ರೋಗಿಯನ್ನು ಅವರೂ ಕಂಡರು. ಕಲಿತು ಊರಿಗೆ ಮರಳಿ, ಇಬಾದಾನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಮೊದಲ ನೈಜೀರಿಯನ್ ಮೇಟ್ರನ್ ಆದರು. ಅಲ್ಲಿಯವರೆಗೆ ಆ ಕುರ್ಚಿ ಬ್ರಿಟಿಷರದು. ಮುಂದೆ ದೇಶದ ಮುಖ್ಯ ನರ್ಸಿಂಗ್ ಅಧಿಕಾರಿಯೂ ಆದರು. ಬಾರ್ಬಡೋಸ್‌ನ ನಿಟಾ ಬ್ಯಾರೊ ನರ್ಸ್ ಆದ ಮೇಲೆ ಟೊರೊಂಟೊಗೆ ಹೋಗಿ ಸಾರ್ವಜನಿಕ ಆರೋಗ್ಯ ಓದಿದರು, ಎಡಿನ್‌ಬರೊದಲ್ಲೂ ಓದಿದರು, ಜಮೈಕಾದಲ್ಲಿ ನರ್ಸಿಂಗ್ ಶಿಕ್ಷಣ ಕಟ್ಟಿದರು. 1970ರ ದಶಕದಲ್ಲಿ ಅವರು ಜಿನೀವಾದ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ನಿನಲ್ಲಿದ್ದರು, ಅದರ ನಿರ್ದೇಶಕಿಯೂ ಆದರು. ಹಳ್ಳಿಯ ಜನರನ್ನೇ ತರಬೇತಿ ಮಾಡಿ ಆರೋಗ್ಯ ಕಾಯುವ ಯೋಚನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಗಮನಕ್ಕೆ ತಂದ ಸಂಸ್ಥೆಗಳಲ್ಲಿ ಅದು ಮುಖ್ಯ. ಅದಕ್ಕೆ ಆ ಕಮಿಷನ್ ತೋರಿಸುತ್ತಿದ್ದ ಮಾದರಿಗಳಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಜಾಮಖೇಡದ ಹಳ್ಳಿ ಆರೋಗ್ಯ ಯೋಜನೆಯೂ ಒಂದು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕು ಅಂದ 1978ರ ಅಲ್ಮಾ ಅಟಾ ಘೋಷಣೆಯ ಹಿಂದೆ ಈ ಚಿಂತನೆ ಇತ್ತು. ನಿಟಾ ಬ್ಯಾರೊ ಕೊನೆಗೆ ತಮ್ಮ ದೇಶದ ಗವರ್ನರ್ ಜನರಲ್ ಆದರು.

ಇವರೆಲ್ಲರಿಗಿಂತ ನೂರು ವರ್ಷ ಮೊದಲು ಜಮೈಕಾದ ಮೇರಿ ಸೀಕೋಲ್ ಪನಾಮಾದಲ್ಲಿ ಕಾಲರಾ ರೋಗಿಗಳನ್ನು ನೋಡಿಕೊಂಡು, ಆಮೇಲೆ ಸ್ವಂತ ದುಡ್ಡಿನಲ್ಲಿ ಕ್ರಿಮಿಯಾ ಯುದ್ಧಭೂಮಿಗೆ ಹೋಗಿದ್ದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ ಅವರ ಪ್ರತಿಮೆ ಎದ್ದದ್ದು 2016ರಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಎಲಿಜಬೆತ್ ಅನಿಯೊನ್ವು ಕೂಡ ಒಬ್ಬರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ಅನ್ಯಾಯ. ಒಬ್ಬ ಹುಡುಗಿಯನ್ನು ಹೆತ್ತು, ಸಾಕಿ, ಶಾಲೆ ಓದಿಸುವ ಖರ್ಚು ಜಮೈಕಾದ್ದು, ಅವಳ ನಲವತ್ತು ವರ್ಷದ ದುಡಿಮೆ ಬ್ರಿಟನ್ನಿನದು. ಆಗ ಅಲ್ಲಿ ಕೆಲಸ ಇಲ್ಲದವರು ಬಹಳ ಇದ್ದರು, ಹೊರಟವರು ಮನೆಗೆ ದುಡ್ಡು ಕಳಿಸಿದರು, ಅದೂ ನಿಜ. ಆದರೆ ಮುಂದೆ ಪೂರ್ತಿ ತರಬೇತಾದ ನರ್ಸ್‌ಗಳನ್ನೇ ಸೆಳೆದುಕೊಳ್ಳುವುದು ಶುರುವಾದಾಗ ಬಡ ದೇಶಗಳ ವಾರ್ಡುಗಳು ಬರಿದಾದವು. 1997ರಲ್ಲಿ ನೆಲ್ಸನ್ ಮಂಡೇಲಾ ದಕ್ಷಿಣ ಆಫ್ರಿಕಾದ ನರ್ಸ್‌ಗಳನ್ನು ಹೀಗೆ ಕರೆದುಕೊಂಡು ಹೋಗಬೇಡಿ ಅಂತ ಬ್ರಿಟನ್ನಿಗೆ ಹೇಳಬೇಕಾಯಿತು. 2001ರಲ್ಲಿ ಬ್ರಿಟನ್, 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ನೀತಿಸಂಹಿತೆ ಮಾಡಿದವು. ನೈಜೀರಿಯಾ, ಘಾನಾ, ಜಿಂಬಾಬ್ವೆಯಂಥ ದೇಶಗಳಿಗೆ ಹೋಗಿ ನರ್ಸ್‌ಗಳನ್ನು ಆರಿಸಿ ತರುವಂತಿಲ್ಲ ಅಂತ ಪಟ್ಟಿಯೇ ಇದೆ. ತಾವಾಗಿಯೇ ಅರ್ಜಿ ಹಾಕಿ ಬರುವವರಿಗೆ ಅಡ್ಡಿ ಇಲ್ಲ, ಅವರು ಬರುತ್ತಲೇ ಇದ್ದಾರೆ.

ಬಂದವರಿಗೆ ಈಗ ಎಸ್‌ಇಎನ್ ಬಾಗಿಲಿಲ್ಲ. 1980ರ ದಶಕದ ಕೊನೆಯ ಸುಧಾರಣೆಗಳಲ್ಲಿ ಆ ಕೋರ್ಸನ್ನು ಕೈಬಿಟ್ಟರು. ಬಡ್ತಿಯ ತಾರತಮ್ಯ ಮಾತ್ರ ಉಳಿದಿದೆ ಅಂತ ಎನ್‌ಎಚ್‌ಎಸ್ ತಾನೇ ಪ್ರಕಟಿಸುವ ಅಂಕಿಅಂಶಗಳೇ ವರ್ಷ ವರ್ಷ ಹೇಳುತ್ತವೆ. ಕೋವಿಡ್ ಬಂದಾಗ ಸರಿಯಾದ ಮಾಸ್ಕು, ಗೌನು ಸಿಗಲಿಲ್ಲ ಅಂತ ಹೇಳಿದವರಲ್ಲಿ ಕಪ್ಪು ಮತ್ತು ಏಷ್ಯನ್ ನರ್ಸ್‌ಗಳ ಪಾಲು ಬಿಳಿಯರಿಗಿಂತ ಜಾಸ್ತಿ ಇತ್ತು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಟು ಇವತ್ತು ಎನ್‌ಎಚ್‌ಎಸ್‌ನಲ್ಲಿ ದುಡಿಯುತ್ತಿರುವ ನಮ್ಮ ಹುಡುಗಿಯರೂ ಈ ಲೆಕ್ಕದ ಒಳಗೇ ಬರುತ್ತಾರೆ. ಮೊದಲು ಬಂದ ಕೆರಿಬಿಯನ್ ಹೆಂಗಸರ ಕಥೆ ಅವರಿಗೆ ಗೊತ್ತಿರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

2024ರ ಫೆಬ್ರವರಿಯಲ್ಲಿ ನೈಜೀರಿಯಾದ ನರ್ಸಿಂಗ್ ಮಂಡಳಿ ಹೊಸ ನಿಯಮ ತಂದಿತು. ಹೊರದೇಶಕ್ಕೆ ಹೋಗಲು ದಾಖಲೆ ಬೇಕಿದ್ದರೆ ಓದು ಮುಗಿದ ಮೇಲೆ ಎರಡು ವರ್ಷ ದೇಶದಲ್ಲೇ ಕೆಲಸ ಮಾಡಿರಬೇಕು. ಅಬುಜಾ ಮತ್ತು ಲಾಗೋಸ್‌ನಲ್ಲಿ ನರ್ಸ್‌ಗಳು ಬೀದಿಗಿಳಿದರು. ನಮ್ಮನ್ನು ಕಟ್ಟಿಹಾಕುವ ಮೊದಲು ಸಂಬಳ ಸರಿಮಾಡಿ, ಕೆಲಸದ ಪರಿಸ್ಥಿತಿ ಸರಿಮಾಡಿ ಅನ್ನುವುದು ಅವರ ವಾದ. ನಾನು ಅವರ ಕಡೆಗೇ ನಿಲ್ಲುತ್ತೇನೆ. ಜೊತೆಗೆ, ತರಬೇತಾದ ನರ್ಸನ್ನು ಪಡೆಯುವ ಶ್ರೀಮಂತ ದೇಶ ಆ ತರಬೇತಿಯ ಖರ್ಚನ್ನು ಅವಳ ದೇಶಕ್ಕೆ ಕೊಡಬೇಕು. ಬ್ರಿಟನ್ ಅದನ್ನು ಇವತ್ತಿಗೂ ಕೊಡುತ್ತಿಲ್ಲ.